ಪಿಎಲ್‌ಸಿ ಪ್ರೋಗ್ರಾಮಿಂಗ್ ಕೇಬಲ್: ಸಣ್ಣ ವಸ್ತು, ದೊಡ್ಡ ಅಡಚಣೆ

ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರವಿರಲಿ, ಬೆಳಗಾವಿಯ ಫೌಂಡ್ರಿಯೊಂದರ ಮರಳು ಮಿಶ್ರಣ ಯಂತ್ರವಿರಲಿ, ಹುಬ್ಬಳ್ಳಿಯ ಆಹಾರ ಪದಾರ್ಥಗಳ ಪ್ಯಾಕಿಂಗ್ ಯಂತ್ರವಿರಲಿ, ಅದರ ವಿದ್ಯುತ್ ಫಲಕವನ್ನು ತೆರೆದರೆ ಒಳಗೆ ಅಂಗೈಯಗಲದ ಒಂದು ಪೆಟ್ಟಿಗೆ ಕಾಣಸಿಗುವುದು ಸಾಮಾನ್ಯವಾಗಿದೆ. ಪಿಎಲ್‌ಸಿ ಎಂದು ಕರೆಯಲ್ಪಡುವ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ ಇದೇ ಆಗಿದೆ. ಯಾವ ಮೋಟಾರು ಯಾವಾಗ ಚಾಲನೆಯಾಗಬೇಕು, ಯಾವ ಕವಾಟ ಎಷ್ಟು ಕ್ಷಣ ತೆರೆದಿರಬೇಕು ಎಂಬ ಸಕಲ ಆದೇಶಗಳೂ ಇದರೊಳಗಿನ ಪ್ರೋಗ್ರಾಮಿನಲ್ಲಿ ಅಡಗಿರುತ್ತವೆ. ಈ ಪ್ರೋಗ್ರಾಮನ್ನು ಓದಲು, ತಿದ್ದಲು ಅಥವಾ ಮರಳಿ ತುಂಬಲು ಲ್ಯಾಪ್‌ಟಾಪ್ ಬೇಕು. ಲ್ಯಾಪ್‌ಟಾಪಿಗೂ ಪಿಎಲ್‌ಸಿಗೂ ನಡುವೆ ಒಂದು ಕೇಬಲ್ ಬೇಕು.

ಯಂತ್ರ ನಿಂತಾಗ ಎಲ್ಲರ ದೃಷ್ಟಿಯೂ ಯಂತ್ರದ ಮೇಲಿರುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ನಿಜವಾದ ವಿಳಂಬವಾಗುವುದು ಈ ಕೇಬಲ್‌ನಲ್ಲಿ. ತಂತ್ರಜ್ಞರು ಬರುತ್ತಾರೆ, ಕೇಬಲ್ ಸಿಕ್ಕಿಸುತ್ತಾರೆ, ಲ್ಯಾಪ್‌ಟಾಪಿನ ಪರದೆಯ ಮೇಲೆ ಹಳದಿ ತ್ರಿಕೋನವೊಂದು ಮೂಡುತ್ತದೆ. ಮುಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಟೈಮರ್ ತಿದ್ದುಪಡಿಗೆ ಎರಡು ದಿನ ಹಿಡಿಯುತ್ತದೆ. ಪಿಎಲ್‌ಸಿಯೇ ಕೆಟ್ಟಿದೆ ಎಂಬ ತಪ್ಪು ನಿರ್ಧಾರಕ್ಕೆ ಬಂದು ಹೊಸದನ್ನು ಕೊಳ್ಳುವವರೂ ಉಂಟು. ವಾಸ್ತವವಾಗಿ ಈ ತೊಂದರೆಗೆ ಕಾರಣಗಳು ಬೆರಳೆಣಿಕೆಯಷ್ಟೇ ಇದ್ದು, ಕ್ರಮವಾಗಿ ಪರಿಶೀಲಿಸಿದರೆ ಘಟಕದ ಎಲೆಕ್ಟ್ರಿಷಿಯನ್ನರೇ ಹೆಚ್ಚಿನವುಗಳನ್ನು ಪತ್ತೆಹಚ್ಚಬಹುದು. ಅದಕ್ಕಿಂತಲೂ ಮುಖ್ಯವಾಗಿ, ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಒಂದು ಗಂಟೆಯನ್ನು ಮೀಸಲಿಟ್ಟರೆ ಈ ತೊಂದರೆ ಬಾರದಂತೆ ನೋಡಿಕೊಳ್ಳಬಹುದು.

ಸೀರಿಯಲ್‌ನಿಂದ ಯುಎಸ್‌ಬಿಗೆ

ಪಿಎಲ್‌ಸಿಯ ಇತಿಹಾಸ 1968ರಿಂದ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ರಿಲೇಗಳಿಂದ ತುಂಬಿದ ನಿಯಂತ್ರಣ ಫಲಕಗಳಿಗೆ ಪರ್ಯಾಯವನ್ನು ಬಯಸಿತು. ಅದಕ್ಕೆ ಉತ್ತರವಾಗಿ ಡಿಕ್ ಮಾರ್ಲೆ ಮತ್ತು ಸಂಗಡಿಗರು ಮೋಡಿಕಾನ್ 084 ಎಂಬ ನಿಯಂತ್ರಕವನ್ನು ರೂಪಿಸಿದರು. ಮುಂದಿನ ದಶಕಗಳಲ್ಲಿ ಸಣ್ಣ ಪಿಎಲ್‌ಸಿಗಳು ಬಂದಾಗ, ಅವು ಕಂಪ್ಯೂಟರಿನೊಡನೆ ಮಾತನಾಡಲು ಅಂದಿನ ರೂಢಿಯ ಸೀರಿಯಲ್ ಸಂಪರ್ಕವನ್ನೇ ಬಳಸಿದವು. ಅಂದಿನ ಕಂಪ್ಯೂಟರುಗಳ ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತಿದ್ದುದರಿಂದ ಪ್ರತ್ಯೇಕ ಡ್ರೈವರ್‌ನ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ.

1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಪ್ರಕಟವಾಯಿತು. ಕ್ರಮೇಣ ಲ್ಯಾಪ್‌ಟಾಪುಗಳಿಂದ ಒಂಬತ್ತು ಪಿನ್ನಿನ ಪೋರ್ಟ್ ಮಾಯವಾಯಿತು. ಆದರೆ ಕಾರ್ಖಾನೆಯ ಯಂತ್ರಗಳು ಲ್ಯಾಪ್‌ಟಾಪಿನಂತೆ ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುವುದಿಲ್ಲ. ಹದಿನೈದು, ಇಪ್ಪತ್ತು ವರ್ಷ ದುಡಿದ ಪಿಎಲ್‌ಸಿ ಇಂದಿಗೂ ದುಡಿಯುತ್ತಿರುತ್ತದೆ. ಹೀಗೆ ಹಳೆಯ ಯಂತ್ರ ಮತ್ತು ಹೊಸ ಲ್ಯಾಪ್‌ಟಾಪುಗಳ ನಡುವಿನ ಅಂತರವನ್ನು ತುಂಬಲು ಬಂದದ್ದೇ ಯುಎಸ್‌ಬಿ ಪ್ರೋಗ್ರಾಮಿಂಗ್ ಕೇಬಲ್.

ಇದು ಬರಿಯ ತಂತಿಯಲ್ಲ. ಇದರೊಳಗೆ ಯುಎಸ್‌ಬಿ ಸಂಕೇತವನ್ನು ಸೀರಿಯಲ್ ಸಂಕೇತವನ್ನಾಗಿ ಪರಿವರ್ತಿಸುವ ಒಂದು ಚಿಪ್ ಇರುತ್ತದೆ. ಆ ಚಿಪ್ಪಿಗೂ ವಿಂಡೋಸ್‌ಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ತಂತ್ರಾಂಶವೇ ಡ್ರೈವರ್. ಡ್ರೈವರ್ ಸರಿಯಾಗಿದ್ದಲ್ಲಿ ವಿಂಡೋಸ್ ಈ ಕೇಬಲನ್ನು ಕಾಮ್ 3, ಕಾಮ್ 5 ಮುಂತಾಗಿ ಸಂಖ್ಯೆಯುಳ್ಳ ಒಂದು ಸೀರಿಯಲ್ ಪೋರ್ಟ್ ಎಂದೇ ಭಾವಿಸುತ್ತದೆ. ಪಿಎಲ್‌ಸಿಯ ತಂತ್ರಾಂಶವೂ ಹಾಗೆಯೇ ನಂಬಿ ಕೆಲಸ ಮಾಡುತ್ತದೆ. ದುಭಾಷಿ ತಪ್ಪಿದರೆ ಇಬ್ಬರೂ ಸರಿಯಿದ್ದು ಮಾತುಕತೆ ಮಾತ್ರ ನಡೆಯುವುದಿಲ್ಲ.

ಚಿಪ್ಪಿನ ಅಸಲು ಮತ್ತು ನಕಲು

ಈ ಕೇಬಲ್‌ಗಳಲ್ಲಿ ಹೆಚ್ಚಾಗಿ ಕಂಡುಬರುವ ಚಿಪ್ಪುಗಳು ನಾಲ್ಕು ಕಂಪನಿಗಳವು: ಸ್ಕಾಟ್‌ಲೆಂಡಿನ ಎಫ್‌ಟಿಡಿಐ, ತೈವಾನಿನ ಪ್ರೊಲಿಫಿಕ್, ಅಮೆರಿಕದ ಸಿಲಿಕಾನ್ ಲ್ಯಾಬ್ಸ್ ಹಾಗೂ ಚೀನಾದ ಡಬ್ಲ್ಯುಸಿಎಚ್. ಹೊರಗಿನಿಂದ ನೋಡಿದರೆ ಎಲ್ಲ ಕೇಬಲ್‌ಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಮಿತ್ಸುಬಿಷಿ ಎಫ್‌ಎಕ್ಸ್ ಸರಣಿಯ ಪಿಎಲ್‌ಸಿಗಳಿಗಾಗಿ ಯುಎಸ್‌ಬಿ-ಎಸ್‌ಸಿ09 ಎಂಬ ಹೆಸರಿನಲ್ಲಿ ಮಾರಾಟವಾಗುವ ಕೇಬಲನ್ನೇ ತೆಗೆದುಕೊಳ್ಳಬಹುದು. ಈ ಹೆಸರಿನಲ್ಲಿ ಹಲವು ತಯಾರಕರ ಕೇಬಲ್‌ಗಳಿದ್ದು ಒಳಗಿನ ಚಿಪ್ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಒಂದಕ್ಕೆ ಕೊಟ್ಟ ಡ್ರೈವರ್ ಇನ್ನೊಂದಕ್ಕೆ ಹೊಂದುವುದಿಲ್ಲ. ಹೀಗಾಗಿ "ಕಳೆದ ಬಾರಿಯದೇ ಕೇಬಲ್" ಎಂದು ಕೊಂಡದ್ದು ಕೆಲಸ ಮಾಡದಿರುವುದು ಆಶ್ಚರ್ಯವಲ್ಲ.

ಇದಕ್ಕಿಂತ ಗಂಭೀರವಾದುದು ನಕಲಿ ಚಿಪ್ಪುಗಳ ವಿಷಯ. ಪ್ರೊಲಿಫಿಕ್ ಕಂಪನಿಯ ಪಿಎಲ್ 2303 ಚಿಪ್ಪಿನ ನಕಲುಗಳು ಮಾರುಕಟ್ಟೆಯಲ್ಲಿ ಹೇರಳವಾಗಿ ಹರಡಿದ್ದವು. ಕಂಪನಿಯು ಆ ಚಿಪ್ಪಿನ ಎಚ್‌ಎಕ್ಸ್‌ಎ ಎಂಬ ಹಳೆಯ ಮಾದರಿಯನ್ನು 2012ರಲ್ಲಿ ನಿಲ್ಲಿಸಿತು. ಅನಂತರದ ಡ್ರೈವರ್‌ಗಳು ವಿಂಡೋಸ್ 8 ಮತ್ತು ಮುಂದಿನ ಆವೃತ್ತಿಗಳಲ್ಲಿ ಈ ಹಳೆಯ ಮಾದರಿಗೆ ಬೆಂಬಲ ನೀಡುವುದಿಲ್ಲ, ನಕಲುಗಳಿಗೂ ನೀಡುವುದಿಲ್ಲ. ವಿಂಡೋಸ್ 11ರಲ್ಲಿ ಇಂತಹ ಕೇಬಲ್ ಸಿಕ್ಕಿಸಿದರೆ, ಈ ಚಿಪ್ 2012ರಿಂದ ಸ್ಥಗಿತಗೊಂಡಿದೆ, ಮಾರಾಟಗಾರರನ್ನು ಸಂಪರ್ಕಿಸಿ ಎಂಬ ಅರ್ಥದ ಸಂದೇಶವೇ ಸಾಧನದ ಹೆಸರಿನ ಜಾಗದಲ್ಲಿ ಮೂಡುತ್ತದೆ. ಇಲ್ಲಿ ಕೇಬಲ್ ಸುಟ್ಟಿಲ್ಲ, ತಂತಿ ತುಂಡಾಗಿಲ್ಲ. ಡ್ರೈವರ್ ಅದನ್ನು ಸ್ವೀಕರಿಸಲು ನಿರಾಕರಿಸಿದೆ, ಅಷ್ಟೇ.

ಎಫ್‌ಟಿಡಿಐ ಕಂಪನಿಯ ಪ್ರಸಂಗ ಇನ್ನೂ ಬೋಧಪ್ರದವಾಗಿದೆ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ವಿತರಣೆಯಾದ ಅದರ ಡ್ರೈವರ್, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆಗೆ ಬದಲಾಯಿಸಿಬಿಡುತ್ತಿತ್ತು. ಅನಂತರ ಆ ಕೇಬಲನ್ನು ಸಾಮಾನ್ಯ ರೀತಿಯಲ್ಲಿ ಯಾವ ಕಂಪ್ಯೂಟರೂ ಗುರುತಿಸುತ್ತಿರಲಿಲ್ಲ. ವ್ಯಾಪಕ ಆಕ್ಷೇಪಣೆ ಬಂದ ಕಾರಣ ಅದೇ ಅಕ್ಟೋಬರಿನಲ್ಲಿ ಆ ಡ್ರೈವರನ್ನು ಹಿಂತೆಗೆದುಕೊಳ್ಳಲಾಯಿತು. 2016ರಲ್ಲಿ ಬಂದ ಮತ್ತೊಂದು ಆವೃತ್ತಿಯು ನಕಲಿ ಚಿಪ್ ಕಂಡೊಡನೆ ನಿಜವಾದ ಮಾಹಿತಿಗೆ ಬದಲಾಗಿ "ಅಸಲಿಯಲ್ಲದ ಸಾಧನ ಕಂಡುಬಂದಿದೆ" ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ತಂತಿಯ ಮೇಲೆ ಕಳುಹಿಸತೊಡಗಿತು. ತುದಿಯಲ್ಲಿ ಯಂತ್ರವೊಂದು ಆದೇಶಕ್ಕಾಗಿ ಕಾದಿರುವಾಗ ಇಂತಹ ಸಾಲು ಹರಿದರೆ ಏನಾಗಬಹುದೆಂಬುದನ್ನು ಉದ್ಯಮಿಗಳು ಊಹಿಸಬಹುದು.

ಈ ಪ್ರಸಂಗಗಳಿಂದ ಗ್ರಹಿಸಬೇಕಾದ ಅಂಶ ಇಷ್ಟು: ವರ್ಷಗಟ್ಟಲೆ ಸರಿಯಾಗಿ ನಡೆದ ಕೇಬಲ್ ಒಂದು ಬೆಳಿಗ್ಗೆ ದಿಢೀರನೆ ನಿಂತರೆ, ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ನಡೆದ ಅಪ್‌ಡೇಟ್ ಕಾರಣವಾಗಿರಬಹುದು. ಇಂತಹ ಸಂದರ್ಭದಲ್ಲಿ ಪಿಎಲ್‌ಸಿಯನ್ನು ಬಿಚ್ಚುವುದು ವ್ಯರ್ಥ.

ಪರಿಶೀಲನೆಯ ಕ್ರಮ

ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಬೇಕು, ಅನಂತರವೇ ಪರಿಹಾರ. ಇದಕ್ಕಾಗಿ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಕೇಬಲನ್ನು ಸಿಕ್ಕಿಸುತ್ತಾ ತೆಗೆಯುತ್ತಾ ಪಟ್ಟಿಯಲ್ಲಿ ಆಗುವ ಬದಲಾವಣೆಯನ್ನು ಗಮನಿಸತಕ್ಕದ್ದು. ನಾಲ್ಕು ಸಾಧ್ಯತೆಗಳಿವೆ.

ಒಂದನೆಯದು, ಪಟ್ಟಿಯಲ್ಲಿ ಯಾವ ಬದಲಾವಣೆಯೂ ಆಗದಿರುವುದು. ಆಗ ದೋಷ ತಂತಿಯಲ್ಲಿ, ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯಲ್ಲಿ ಅಥವಾ ನಡುವೆ ಬಳಸಿದ ಹಬ್‌ನಲ್ಲಿದೆ. ಹಬ್ಬನ್ನು ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿ, ಬೇರೆ ಕಿಂಡಿಯಲ್ಲಿ ಪ್ರಯತ್ನಿಸಬೇಕು. ಮಿತ್ಸುಬಿಷಿ ಎಫ್‌ಎಕ್ಸ್3ಜಿ, ಡೆಲ್ಟಾ ಡಿವಿಪಿ-ಎಸ್‌ಇ ಮುಂತಾದ ಪಿಎಲ್‌ಸಿಗಳಲ್ಲಿ ಯುಎಸ್‌ಬಿ ಕಿಂಡಿ ಪಿಎಲ್‌ಸಿಯಲ್ಲೇ ಇರುತ್ತದೆ. ಅವುಗಳಿಗೆ ಸಾಧಾರಣ ಮಿನಿ ಯುಎಸ್‌ಬಿ ತಂತಿ ಸಾಕು. ಆದರೆ ಚಾರ್ಜಿಂಗ್‌ಗಾಗಿ ಮಾತ್ರ ಮಾಡಿದ ಕೆಲವು ತಂತಿಗಳಲ್ಲಿ ಮಾಹಿತಿ ಸಾಗಿಸುವ ಎಳೆಗಳೇ ಇರುವುದಿಲ್ಲ. ಅಂತಹ ತಂತಿಯಿಂದ ಎಷ್ಟು ಪ್ರಯತ್ನಿಸಿದರೂ ಫಲವಿಲ್ಲ.

ಎರಡನೆಯದು, "ಅಜ್ಞಾತ ಸಾಧನ" ಎಂದಾಗಲಿ, ಹೆಸರಿನ ಪಕ್ಕದಲ್ಲಿ ಹಳದಿ ತ್ರಿಕೋನದೊಡನೆಯಾಗಲಿ ಕಾಣಿಸುವುದು. ಇದು ಡ್ರೈವರ್‌ನ ತೊಂದರೆ. ಮೂರನೆಯದು, ಪೋರ್ಟ್‌ಗಳ ಪಟ್ಟಿಯಲ್ಲಿ ಕಾಮ್ ಸಂಖ್ಯೆಯೊಡನೆ ಸರಿಯಾಗಿ ಕಾಣಿಸಿಯೂ ಪಿಎಲ್‌ಸಿಯ ತಂತ್ರಾಂಶಕ್ಕೆ ಸಂಪರ್ಕ ದೊರೆಯದಿರುವುದು. ಇಲ್ಲಿ ಡ್ರೈವರ್ ನಿರ್ದೋಷಿ. ಸಂಖ್ಯೆ ಅಥವಾ ಹೊಂದಾಣಿಕೆ ತಪ್ಪಿದೆ. ನಾಲ್ಕನೆಯದು, ಸಂಪರ್ಕ ಬಂದು ನಡುವೆ ಕಡಿದುಹೋಗುವುದು. ಇದರ ಕಾರಣ ವಿದ್ಯುತ್ ಉಳಿತಾಯದ ವ್ಯವಸ್ಥೆಯಾಗಲಿ, ಕಾರ್ಖಾನೆಯ ವಿದ್ಯುತ್ ಗದ್ದಲವಾಗಲಿ ಆಗಿರುವ ಸಂಭವ ಹೆಚ್ಚು.

ಡ್ರೈವರ್ ದೋಷದ ಪರಿಹಾರ

ಹಳದಿ ತ್ರಿಕೋನ ಕಂಡಾಗ ಆ ಸಾಧನದ ಗುಣಲಕ್ಷಣಗಳ ಪುಟವನ್ನು ತೆರೆದು ಕೋಡ್ ಸಂಖ್ಯೆಯನ್ನು ಓದಬೇಕು. ಕೋಡ್ 28 ಎಂದಿದ್ದರೆ ಡ್ರೈವರ್ ಸ್ಥಾಪನೆಯೇ ಆಗಿಲ್ಲ. ಕೋಡ್ 10 ಎಂದರೆ ಡ್ರೈವರ್ ಇದೆ, ಆದರೆ ಸಾಧನ ಆರಂಭವಾಗುತ್ತಿಲ್ಲ. ಪ್ರೊಲಿಫಿಕ್ ಹೆಸರಿನ ಕೇಬಲ್‌ನಲ್ಲಿ ಈ ಸಂಖ್ಯೆ ಬಂದರೆ ಹಳೆಯ ಅಥವಾ ನಕಲಿ ಚಿಪ್ ಎಂದು ಬಲವಾಗಿ ಶಂಕಿಸಬಹುದು. ಕೋಡ್ 43 ಎಂದರೆ ಸಾಧನವೇ ದೋಷ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ತಂತಿ ಮತ್ತು ಕಿಂಡಿಯನ್ನು ಬದಲಾಯಿಸಿ ನೋಡತಕ್ಕದ್ದು. ಕೋಡ್ 52 ಎಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ.

ಕೇಬಲ್‌ನೊಳಗಿನ ಚಿಪ್ ಯಾವುದೆಂದು ತಿಳಿಯಲು ಪೆಟ್ಟಿಗೆಯನ್ನು ಒಡೆಯಬೇಕಾಗಿಲ್ಲ. ಅದೇ ಪುಟದ ವಿವರಗಳ ವಿಭಾಗದಲ್ಲಿ ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿದರೆ ವಿಐಡಿ ಎಂಬ ಅಕ್ಷರಗಳ ಮುಂದೆ ನಾಲ್ಕು ಸ್ಥಾನಗಳ ಸಂಕೇತ ಕಾಣುತ್ತದೆ. 0403 ಇದ್ದರೆ ಎಫ್‌ಟಿಡಿಐ. 067ಬಿ ಇದ್ದರೆ ಪ್ರೊಲಿಫಿಕ್. 1ಎ86 ಇದ್ದರೆ ಡಬ್ಲ್ಯುಸಿಎಚ್. 10ಸಿ4 ಇದ್ದರೆ ಸಿಲಿಕಾನ್ ಲ್ಯಾಬ್ಸ್. ನಕಲಿ ಚಿಪ್ಪುಗಳೂ ಅಸಲಿಯ ಸಂಖ್ಯೆಯನ್ನೇ ಹೇಳುತ್ತವೆಯಾದರೂ, ಯಾವ ಕಂಪನಿಯ ಡ್ರೈವರ್ ಹುಡುಕಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಡ್ರೈವರನ್ನು ಚಿಪ್ ತಯಾರಕರ ಅಥವಾ ಪಿಎಲ್‌ಸಿ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಎಲ್ಲ ಡ್ರೈವರ್‌ಗಳನ್ನೂ ಉಚಿತವಾಗಿ ಕೊಡುವುದಾಗಿ ಹೇಳುವ ಅಪರಿಚಿತ ತಾಣಗಳಿಂದ ತಂದ ಕಡತದೊಡನೆ ವೈರಸ್ಸೂ ಬರುವ ಅಪಾಯವಿದೆ. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವಹಿವಾಟೂ ಲೆಕ್ಕಪತ್ರವೂ ಇದ್ದಲ್ಲಿ ಹಾನಿ ಕೇಬಲ್‌ಗೆ ಸೀಮಿತವಾಗುವುದಿಲ್ಲ. ಮೊದಲು ಕೇಬಲನ್ನು ಸಿಕ್ಕಿಸಿರುವಾಗಲೇ ಹಳೆಯ ಡ್ರೈವರನ್ನು ಅದರ ಕಡತಗಳ ಸಮೇತ ತೆಗೆದುಹಾಕಬೇಕು. ಬಳಿಕ ಕೇಬಲನ್ನು ಕಳಚಿ, ಕಂಪ್ಯೂಟರನ್ನು ಮತ್ತೆ ಆರಂಭಿಸಿ, ಹೊಸ ಡ್ರೈವರ್ ಸ್ಥಾಪಿಸಿ, ಕಡೆಯಲ್ಲಿ ಕೇಬಲ್ ಸಿಕ್ಕಿಸುವುದು ಸುರಕ್ಷಿತ ಕ್ರಮ.

ಹಳೆಯ ಪಿಎಲ್‌ಸಿಯೊಡನೆ ಬಂದ ಸಿಡಿಯಲ್ಲಿರುವ ಡ್ರೈವರ್ 32 ಬಿಟ್ ವಿಂಡೋಸ್‌ಗಾಗಿ ಬರೆದದ್ದಾಗಿರಬಹುದು. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿ ಲಭ್ಯವಿರುವುದರಿಂದ ಆ ಡ್ರೈವರ್ ಅದರಲ್ಲಿ ನಡೆಯಲಾರದು. ಇನ್ನು ಕೆಲವು ಹಳೆಯ ಡ್ರೈವರ್‌ಗಳನ್ನು ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ವ್ಯವಸ್ಥೆ ತಡೆಯುತ್ತದೆ. ಸಹಿಯ ಪರಿಶೀಲನೆಯನ್ನಾಗಲಿ ಈ ಭದ್ರತೆಯನ್ನಾಗಲಿ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಶಾಶ್ವತವಾಗಿ ನಿಷ್ಕ್ರಿಯಗೊಳಿಸುವುದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಅದರ ಬದಲು ಹೊಸ ಕೇಬಲ್ ಕೊಳ್ಳುವುದೇ ಅಗ್ಗ.

ಕಾಮ್ ಸಂಖ್ಯೆ ಮತ್ತು ಹೊಂದಾಣಿಕೆ

ಕೇಬಲನ್ನು ಬೇರೆ ಬೇರೆ ಕಿಂಡಿಗಳಿಗೆ ಸಿಕ್ಕಿಸಿದಂತೆ ವಿಂಡೋಸ್ ಹೊಸ ಹೊಸ ಕಾಮ್ ಸಂಖ್ಯೆಗಳನ್ನು ನೀಡುವುದುಂಟು. ಹಳೆಯ ಪಿಎಲ್‌ಸಿ ತಂತ್ರಾಂಶಗಳಲ್ಲಿ ಕೆಲವು ಒಂಬತ್ತಕ್ಕಿಂತ ಹೆಚ್ಚಿನ ಸಂಖ್ಯೆಯನ್ನು ಅರಿಯವು. ಇನ್ನು ಕೆಲವಕ್ಕೆ ಮೊದಲ ನಾಲ್ಕೇ ಗೊತ್ತು. ಕೇಬಲ್ ಕಾಮ್ 14 ಆಗಿ ಕುಳಿತರೆ ತಂತ್ರಾಂಶದ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಪೋರ್ಟ್‌ನ ಗುಣಲಕ್ಷಣಗಳಲ್ಲಿ ಅಡ್ವಾನ್ಸ್‌ಡ್ ಎಂಬ ಗುಂಡಿಯನ್ನು ಒತ್ತಿ ಕಡಿಮೆ ಸಂಖ್ಯೆಯನ್ನು ನಿಗದಿಪಡಿಸಬಹುದು. ಆ ಸಂಖ್ಯೆ ಬಳಕೆಯಲ್ಲಿದೆ ಎಂದು ತೋರಿದರೆ, ಅಡಗಿರುವ ಸಾಧನಗಳನ್ನು ತೋರಿಸುವಂತೆ ಡಿವೈಸ್ ಮ್ಯಾನೇಜರಿಗೆ ಸೂಚಿಸಿ, ಈಗ ಇಲ್ಲದ ಹಳೆಯ ಪೋರ್ಟ್‌ಗಳನ್ನು ಅಳಿಸತಕ್ಕದ್ದು. ಕೇಬಲನ್ನು ಸದಾ ಒಂದೇ ಕಿಂಡಿಗೆ ಸಿಕ್ಕಿಸುವ ಅಭ್ಯಾಸ ಒಳ್ಳೆಯದು.

ಒಂದು ಪೋರ್ಟನ್ನು ಏಕಕಾಲಕ್ಕೆ ಒಂದೇ ತಂತ್ರಾಂಶ ಬಳಸಬಲ್ಲದು. ಪರದೆ ವಿನ್ಯಾಸದ ತಂತ್ರಾಂಶವೋ ಹಿಂದೆ ತೆರೆದ ಇನ್ನೊಂದು ಕಿಟಕಿಯೋ ಪೋರ್ಟನ್ನು ಹಿಡಿದಿಟ್ಟುಕೊಂಡಿದ್ದರೆ ಹೊಸದಕ್ಕೆ ಪ್ರವೇಶವಿಲ್ಲ.

ಸೀಮೆನ್ಸ್ ಎಸ್7-200 ಬಳಸುವವರು ಒಂದು ವಿಶೇಷವನ್ನು ಗಮನಿಸಬೇಕು. ಕಂಪನಿಯ ಮೂಲ ಯುಎಸ್‌ಬಿ ಕೇಬಲ್ ಕಾಮ್ ಪೋರ್ಟನ್ನು ಸೃಷ್ಟಿಸುವುದೇ ಇಲ್ಲ; ತಂತ್ರಾಂಶದ ಸಂಪರ್ಕ ಆಯ್ಕೆಯಲ್ಲಿ ಯುಎಸ್‌ಬಿ ಎಂದೇ ಆರಿಸಬೇಕು. ಇತರರು ತಯಾರಿಸಿದ ಹೊಂದಾಣಿಕೆಯ ಕೇಬಲ್‌ಗಳು ಸಾಮಾನ್ಯವಾಗಿ ಕಾಮ್ ಪೋರ್ಟ್ ಆಗಿ ಕಾಣಿಸುವುದರಿಂದ ಕಾಮ್ ಎಂದು ಆರಿಸಬೇಕು. ಒಂದರ ಕ್ರಮವನ್ನು ಇನ್ನೊಂದಕ್ಕೆ ಅನುಸರಿಸಿದರೆ ಎರಡೂ ಕೆಟ್ಟಂತೆ ತೋರುತ್ತವೆ.

ವೇಗ ಮತ್ತು ಬಿಟ್‌ಗಳ ಹೊಂದಾಣಿಕೆಯೂ ಮುಖ್ಯ. ಮಿತ್ಸುಬಿಷಿ ಎಫ್‌ಎಕ್ಸ್ ಮತ್ತು ಡೆಲ್ಟಾ ಡಿವಿಪಿ ಸರಣಿಗಳ ಮೂಲ ಹೊಂದಾಣಿಕೆ 9600 ವೇಗ, 7 ಬಿಟ್, ಸಮ ಪ್ಯಾರಿಟಿ, 1 ಸ್ಟಾಪ್ ಬಿಟ್. ಈ ಎರಡೂ ಕಂಪನಿಗಳ ಪಿಎಲ್‌ಸಿಗಳಲ್ಲಿ ಎಂಟು ಪಿನ್ನಿನ ದುಂಡಗಿನ ಕಿಂಡಿ ಇರುವುದರಿಂದ ಒಂದರ ಕೇಬಲ್ ಇನ್ನೊಂದಕ್ಕೆ ಸುಲಭವಾಗಿ ಕೂರುತ್ತದೆ. ಆದರೆ ಮಿತ್ಸುಬಿಷಿಯದು ಆರ್‌ಎಸ್-422, ಡೆಲ್ಟಾದ್ದು ಆರ್‌ಎಸ್-232. ಸಂಕೇತಗಳ ಸ್ವರೂಪವೇ ಬೇರೆ. ಆಕಾರ ಒಂದೆಂದು ಅದಲುಬದಲು ಮಾಡಕೂಡದು.

ಕೇಬಲ್ ಮತ್ತು ಡ್ರೈವರ್ ಸರಿಯಿವೆಯೇ ಎಂಬುದನ್ನು ಪಿಎಲ್‌ಸಿಯ ಹಂಗಿಲ್ಲದೆ ಪರೀಕ್ಷಿಸಲು ಒಂದು ಸುಲಭೋಪಾಯವಿದೆ. ಒಂಬತ್ತು ಪಿನ್ನಿನ ತುದಿಯುಳ್ಳ ಆರ್‌ಎಸ್-232 ಪರಿವರ್ತಕದಲ್ಲಿ 2 ಮತ್ತು 3ನೆಯ ಪಿನ್ನುಗಳನ್ನು ತುಂಡು ತಂತಿಯಿಂದ ಸೇರಿಸಿ, ಪುಟ್ಟಿಯಂತಹ ಟರ್ಮಿನಲ್ ತಂತ್ರಾಂಶದಲ್ಲಿ ಫ್ಲೋ ಕಂಟ್ರೋಲ್ ಇಲ್ಲದಂತೆ ಆ ಪೋರ್ಟನ್ನು ತೆರೆದು ಟೈಪ್ ಮಾಡಬೇಕು. ಒತ್ತಿದ ಅಕ್ಷರ ಪರದೆಯ ಮೇಲೆ ಮರಳಿ ಬಂದರೆ ಲ್ಯಾಪ್‌ಟಾಪು, ಡ್ರೈವರ್, ಪರಿವರ್ತಕ ಮೂರೂ ಸರಿಯಿವೆ. ದೋಷವನ್ನು ಮುಂದಿನ ತಂತಿಯಲ್ಲಿ ಅಥವಾ ಪಿಎಲ್‌ಸಿಯಲ್ಲಿ ಹುಡುಕಬೇಕು.

ಸಂಪರ್ಕ ನಡುನಡುವೆ ಕಡಿಯುತ್ತಿದ್ದರೆ ವಿಂಡೋಸ್‌ನ ವಿದ್ಯುತ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಬೇಕು. ಎಫ್‌ಟಿಡಿಐ ಕೇಬಲ್ ಇದ್ದು ಸಂಪರ್ಕ ನಿಧಾನವಾಗಿ ಸಮಯ ಮೀರುತ್ತಿದ್ದರೆ, ಮೂಲತಃ 16 ಮಿಲಿಸೆಕೆಂಡ್ ಇರುವ ಲೇಟೆನ್ಸಿ ಟೈಮರನ್ನು ಕಡಿಮೆ ಮಾಡಿ ನೋಡಬಹುದು. ವಿಎಫ್‌ಡಿ ಡ್ರೈವ್‌ಗಳ ಪಕ್ಕದಲ್ಲಿ ಕೇಬಲನ್ನು ಹರಡಬಾರದು. ಅರ್ಥಿಂಗ್ ಸರಿಯಿಲ್ಲದ ಕಡೆ ಲ್ಯಾಪ್‌ಟಾಪಿನ ಚಾರ್ಜರ್ ಮೂಲಕ ಬರುವ ವೋಲ್ಟೇಜ್ ವ್ಯತ್ಯಾಸದಿಂದ ಕೇಬಲ್ ಮಾತ್ರವಲ್ಲದೆ ಪಿಎಲ್‌ಸಿಯ ಕಿಂಡಿಯೂ ಸುಡಬಹುದು. ಅಂತಹ ಕಡೆ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ಕೆಲಸ ಮಾಡುವುದು, ಇಲ್ಲವೇ ಐಸೊಲೇಟೆಡ್ ಕೇಬಲ್ ಕೊಳ್ಳುವುದು ಕ್ಷೇಮಕರ.

ಸಂಪರ್ಕ ದೊರೆತ ಮೇಲೆ

ಹಳದಿ ತ್ರಿಕೋನ ಹೋಯಿತೆಂಬ ಸಂತೋಷದಲ್ಲಿ ಆಗುವ ಪ್ರಮಾದ ಇನ್ನೂ ದೊಡ್ಡದು. ಪಿಎಲ್‌ಸಿಯಿಂದ ಲ್ಯಾಪ್‌ಟಾಪಿಗೆ ಪ್ರೋಗ್ರಾಮನ್ನು ಓದುವ ಗುಂಡಿಯೂ, ಲ್ಯಾಪ್‌ಟಾಪಿನಿಂದ ಪಿಎಲ್‌ಸಿಗೆ ಬರೆಯುವ ಗುಂಡಿಯೂ ಪರದೆಯ ಮೇಲೆ ಅಕ್ಕಪಕ್ಕದಲ್ಲಿರುತ್ತವೆ. ಖಾಲಿ ಕಡತ ತೆರೆದಿರುವಾಗ ಬರೆಯುವ ಗುಂಡಿಯನ್ನು ಒತ್ತಿದರೆ ಯಂತ್ರದ ಪ್ರೋಗ್ರಾಮ್ ಅಳಿಸಿಹೋಗಬಹುದು. ಆದುದರಿಂದ ಮೊದಲು ಓದಿ, ದಿನಾಂಕದೊಡನೆ ಉಳಿಸಿ, ಪ್ರತಿ ತೆಗೆದು, ಆಮೇಲೆಯೇ ತಿದ್ದುಪಡಿ ಮಾಡಬೇಕು. ಬರೆಯುವ ವೇಳೆ ಪಿಎಲ್‌ಸಿಯನ್ನು ನಿಲ್ಲಿಸಬೇಕಾಗುವ ಸಂದರ್ಭಗಳಿರುವುದರಿಂದ ಎತ್ತಿದ ಭಾರ, ಒತ್ತಡದಲ್ಲಿರುವ ಹೈಡ್ರಾಲಿಕ್, ಕಾದ ಕುಲುಮೆಗಳನ್ನು ಮುಂಚಿತವಾಗಿ ಸುರಕ್ಷಿತ ಸ್ಥಿತಿಗೆ ತರಬೇಕು.

ನಷ್ಟದ ಲೆಕ್ಕ

ಕೇಬಲ್‌ನ ಬೆಲೆಯಲ್ಲಿ ಉಳಿಸಿದ ಹಣ ಉಳಿತಾಯವೇ ಎಂಬುದನ್ನು ಲೆಕ್ಕದ ದೃಷ್ಟಿಯಿಂದ ಪರಿಶೀಲಿಸಬಹುದು. ಉದಾಹರಣೆಗೆ, ಎರಡು ಪಾಳಿಗಳಲ್ಲಿ ದಿನಕ್ಕೆ 16 ಗಂಟೆ ನಡೆಯುವ ಯಂತ್ರವೊಂದಿದೆ ಎಂದಿಟ್ಟುಕೊಳ್ಳೋಣ. ಮಾರಾಟ ಬೆಲೆಯಲ್ಲಿ ಕಚ್ಚಾಮಾಲು, ವಿದ್ಯುತ್ ಮುಂತಾದ ಬದಲಾಗುವ ವೆಚ್ಚಗಳನ್ನು ಕಳೆದು ಗಂಟೆಗೆ 1,200 ರೂಪಾಯಿ ಉಳಿಯುತ್ತದೆ. ಯಂತ್ರ ಎರಡು ದಿನ ನಿಂತರೆ 32 ಗಂಟೆಗಳಿಗೆ 38,400 ರೂಪಾಯಿ ಕೈತಪ್ಪುತ್ತದೆ. ತಂತ್ರಜ್ಞರ ಎರಡನೆಯ ಭೇಟಿಗೆ 4,000 ರೂಪಾಯಿ ಸೇರಿಸಿದರೆ ಒಟ್ಟು ನಷ್ಟ 42,400 ರೂಪಾಯಿ. ಸುಮ್ಮನೆ ಕುಳಿತ ಕಾರ್ಮಿಕರ ಕೂಲಿಯನ್ನು ಇದಕ್ಕೆ ಮತ್ತೆ ಸೇರಿಸಬಾರದು. ಆ ಕೂಲಿಯು ಮೇಲಿನ 1,200 ರೂಪಾಯಿಯಿಂದಲೇ ಸಲ್ಲಬೇಕಾದದ್ದಾದ್ದರಿಂದ ಒಂದೇ ನಷ್ಟವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ತಪ್ಪಿದ ಉತ್ಪಾದನೆಯನ್ನು ಮುಂದಿನ ದಿನಗಳಲ್ಲಿ ಓವರ್‌ಟೈಮ್ ಮಾಡಿಸಿ ತುಂಬಿಕೊಳ್ಳುವಷ್ಟು ಅವಕಾಶವಿದ್ದರೆ ಲೆಕ್ಕ ಬೇರೆಯಾಗುತ್ತದೆ. ನಾಲ್ವರು ಕಾರ್ಮಿಕರಿಗೆ ಗಂಟೆಗೆ 80 ರೂಪಾಯಿಯ ದುಪ್ಪಟ್ಟು, ಎಂದರೆ 160 ರೂಪಾಯಿಯಂತೆ 32 ಗಂಟೆಗೆ 20,480 ರೂಪಾಯಿ. ಭೇಟಿಯ ವೆಚ್ಚ ಸೇರಿ 24,480 ರೂಪಾಯಿ. ಅಗ್ಗದ ಕೇಬಲ್‌ಗೂ ಅಧಿಕೃತ ಕೇಬಲ್‌ಗೂ ಇರುವ ಅಂತರ 3,000 ರೂಪಾಯಿ ಎಂದುಕೊಂಡರೂ, ಲಘುವಾದ ಈ ಎರಡನೆಯ ನಷ್ಟವೇ ಅದರ ಎಂಟು ಪಟ್ಟು ಆಗುತ್ತದೆ. ವಿಳಂಬಕ್ಕೆ ಖರೀದಿದಾರರು ವಿಧಿಸುವ ದಂಡ, ಕಳೆದುಕೊಂಡ ವಿಶ್ವಾಸ ಇವು ಪ್ರತ್ಯೇಕ. ಪ್ರತಿಯೊಬ್ಬ ಉದ್ಯಮಿಯೂ ತಮ್ಮ ಯಂತ್ರದ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಉಚಿತ.

ಬಿಲ್ಲಿಲ್ಲದೆ ಕೊಂಡ ಕೇಬಲ್‌ನಿಂದ ಇನ್ನೊಂದು ನಷ್ಟವೂ ಇದೆ. ತೆರಿಗೆ ಇನ್‌ವಾಯ್ಸ್ ಇಲ್ಲದಿದ್ದಲ್ಲಿ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ದೊರೆಯದು. ಚಿಪ್ ನಕಲಿಯೆಂದು ತಿಳಿದ ದಿನ ಹಿಂದಿರುಗಿಸಲು ಆಧಾರವೂ ಇರದು. ಕೊಳ್ಳುವಾಗ ಇನ್‌ವಾಯ್ಸ್‌ನಲ್ಲಿ ಪಿಎಲ್‌ಸಿಯ ಮಾದರಿ, ಚಿಪ್ಪಿನ ತಯಾರಕರ ಹೆಸರು ಹಾಗೂ ಯಾವ ವಿಂಡೋಸ್‌ಗೆ ಹೊಂದುತ್ತದೆ ಎಂಬುದನ್ನು ಬರೆಸಿಕೊಳ್ಳುವುದು ಜಾಣತನ.

ಮುಂಜಾಗ್ರತಾ ಕ್ರಮಗಳು

1. ಪ್ರತಿ ಪಿಎಲ್‌ಸಿಗೂ ಒಂದು ಪುಟದ ದಾಖಲೆಯಿರಲಿ. ಪಿಎಲ್‌ಸಿಯ ಮಾದರಿ, ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಕೇಬಲ್‌ನ ವಿಧ, ಚಿಪ್, ಡ್ರೈವರ್ ಆವೃತ್ತಿ, ಕಾಮ್ ಸಂಖ್ಯೆ, ವೇಗದ ಹೊಂದಾಣಿಕೆ ಇವಿಷ್ಟನ್ನು ಅದರಲ್ಲಿ ನಮೂದಿಸಬೇಕು.

2. ಕೇಬಲ್‌ಗೆ ಯಂತ್ರದ ಹೆಸರಿನ ಚೀಟಿ ಅಂಟಿಸಿ ಉಗ್ರಾಣದಲ್ಲಿಡಬೇಕು. ತಂತ್ರಜ್ಞರ ಚೀಲದಲ್ಲಿರುವ ಕೇಬಲ್ ಘಟಕದ ಕೇಬಲ್ ಅಲ್ಲ.

3. ಸರಿಯಾಗಿ ನಡೆದ ಡ್ರೈವರ್, ಪಿಎಲ್‌ಸಿ ತಂತ್ರಾಂಶ ಹಾಗೂ ಪ್ರೋಗ್ರಾಮ್ ಕಡತಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಉಳಿಸಿ, ಒಂದನ್ನು ಕಾರ್ಖಾನೆಯ ಹೊರಗೆ ಇಡಬೇಕು.

4. ಮಿತ್ಸುಬಿಷಿ ಎಫ್‌ಎಕ್ಸ್2ಎನ್‌ನಂತಹ ಹಳೆಯ ಪಿಎಲ್‌ಸಿಗಳು ಪ್ರೋಗ್ರಾಮನ್ನು ಬ್ಯಾಟರಿಯ ಬಲದಿಂದ ಕಾಪಾಡುವ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತವೆ. ಬ್ಯಾಟರಿ ಮುಗಿದು ವಿದ್ಯುತ್ ಹೋದರೆ ಪ್ರೋಗ್ರಾಮೂ ಹೋಗುತ್ತದೆ. ಬ್ಯಾಟರಿಯ ದೀಪ ಹೊತ್ತಿದ ದಿನವೇ ಪ್ರತಿ ತೆಗೆದು ಬ್ಯಾಟರಿ ಬದಲಿಸಬೇಕು.

5. ಹಳೆಯ ತಂತ್ರಾಂಶ ಬೇಡುವ ಯಂತ್ರಗಳಿಗಾಗಿ ಒಂದು ಹಳೆಯ ಲ್ಯಾಪ್‌ಟಾಪನ್ನು ಮೀಸಲಿಡಬಹುದು. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿರುವುದರಿಂದ ಅಂತಹ ಲ್ಯಾಪ್‌ಟಾಪನ್ನು ಇಂಟರ್‌ನೆಟ್‌ಗೆ ಜೋಡಿಸಕೂಡದು. ತಾನಾಗಿ ನಡೆಯುವ ಅಪ್‌ಡೇಟ್‌ನಿಂದ ಡ್ರೈವರ್ ಬದಲಾಗುವ ಭಯವೂ ಇದರಿಂದ ತಪ್ಪುತ್ತದೆ.

6. ಹೊಸ ಯಂತ್ರದ ಆರ್ಡರ್ ನೀಡುವಾಗ ಪ್ರೋಗ್ರಾಮ್ ಕಡತ, ಪಾಸ್‌ವರ್ಡ್, ಕೇಬಲ್ ಮತ್ತು ಡ್ರೈವರ್‌ಗಳನ್ನು ಒಪ್ಪಿಸಬೇಕೆಂಬ ಷರತ್ತನ್ನು ಲಿಖಿತವಾಗಿ ಸೇರಿಸಬೇಕು. ಖರೀದಿದಾರರ ಲ್ಯಾಪ್‌ಟಾಪಿನಲ್ಲೇ ಸಂಪರ್ಕ ಸಾಧಿಸಿ ತೋರಿಸಿದ ಮೇಲೆ ಕೊನೆಯ ಕಂತು ಪಾವತಿಸುವುದೆಂದು ಒಪ್ಪಂದವಾಗಲಿ. ಪಾಸ್‌ವರ್ಡ್ ಇಲ್ಲದ ಪಿಎಲ್‌ಸಿಯ ಮುಂದೆ ಅತ್ಯುತ್ತಮ ಕೇಬಲ್ ಕೂಡ ನಿರುಪಯುಕ್ತ.

ಹೊಸ ಪಿಎಲ್‌ಸಿಗಳಲ್ಲಿ ಈಥರ್‌ನೆಟ್ ಸಂಪರ್ಕ ಸಾಮಾನ್ಯವಾಗುತ್ತಿದ್ದು ಅವುಗಳ ಮಟ್ಟಿಗೆ ಈ ತೊಂದರೆ ಕಡಿಮೆಯಾಗಲಿದೆ. ಆದರೆ ಸಾಲ ಮಾಡಿ ಕೊಂಡ ಹಳೆಯ ಯಂತ್ರವನ್ನು ಕೇಬಲ್‌ಗಾಗಿ ಯಾರೂ ಬದಲಾಯಿಸಲಾರರು. ಕಾರ್ಖಾನೆಗಳಲ್ಲಿ ಆಯುಧಪೂಜೆಗೆ ಮುನ್ನ ಯಂತ್ರಗಳನ್ನು ನಿಲ್ಲಿಸಿ ಒರೆಸಿ, ಎಣ್ಣೆ ಹಾಕಿ ಅಣಿಗೊಳಿಸುವ ಪದ್ಧತಿಯಿದೆ. ಅದೇ ದಿನ ಪ್ರತಿ ಪಿಎಲ್‌ಸಿಗೂ ಕೇಬಲ್ ಜೋಡಿಸಿ, ಸಂಪರ್ಕ ದೊರೆಯುತ್ತದೆಯೇ ಎಂದು ನೋಡಿ, ಪ್ರೋಗ್ರಾಮಿನ ಹೊಸ ಪ್ರತಿ ತೆಗೆದು, ದಾಖಲೆಯ ಪುಟದಲ್ಲಿ ದಿನಾಂಕ ಬರೆದರೆ ವರ್ಷದ ಕೆಲಸ ಮುಗಿಯಿತು. ಕೇಬಲ್ ಅಂದು ಕೆಲಸ ಮಾಡದಿದ್ದರೂ ಚಿಂತೆಯಿಲ್ಲ. ಆರ್ಡರ್‌ನ ಒತ್ತಡವಿಲ್ಲದ ಆ ದಿನ ಅದನ್ನು ಸರಿಪಡಿಸಲು ಸಾಕಷ್ಟು ಸಮಯವಿರುತ್ತದೆ.